ಹನ್ನೆರಡನೆಯ ಬಂದೂಕು

ಕಾರವಾರ
2-11-1982

ಅಬ್ಬಾ ಅವರಿಗೆ ವಹಾಬನ ಸಲಾಂ.

ಲಕೋಟೆಯ ಮೇಲೆ ನಿಮ್ಮ ಹೆಸರು ನೋಡಿ, ಅಂಚೆಯವನು ಯಾರದೋ ಪತ್ರ ಹಾಕಿ ಹೋದ ಅಂದುಕೊಂಡಿದ್ದೀರೇನೋ. ನಿಮಗೇ ಬರೆದದ್ದು. ಆರು ವರ್ಷದಿಂದ ಅಮ್ಮಾನ ಹೆಸರಿಗೇ ಬರೆಯುತ್ತ ಬಂದೆ. ಅವಳಿಗೆ ಓದಲು ಬರುವುದಿಲ್ಲ, ಓದಿ ಹೇಳುವವರು ನೀವೇ ಎಂಬುದು ಗೊತ್ತಿದ್ದೂ ಹಾಗೆ ಮಾಡಿದೆ. ಈ ಸಲ ಆ ಸುತ್ತುದಾರಿ ಬೇಡ ಅನಿಸಿತು.

ನನ್ನನ್ನು ಉಸ್ತಾದ ಕೋರ್ಸಿಗೆ ಕಳಿಸುತ್ತಿದ್ದಾರೆ. ಹತ್ತು ವಾರ, ಖಾನಾಪುರದ ಕ್ಯಾಂಪಿನಲ್ಲಿ, ಇದೇ ಇಪ್ಪತ್ತೆರಡರಿಂದ. ಪಾಸಾದರೆ ಹೊಸದಾಗಿ ಭರ್ತಿಯಾದ ಪೊಲೀಸರಿಗೆ ಬಂದೂಕು ಕಲಿಸುವ ಹಕ್ಕು ಸಿಗುತ್ತದೆ. ನೀವು ಇಪ್ಪತ್ತೆರಡು ವರ್ಷ ಮಾಡಿದ್ದು ಅದೇ ಕೆಲಸ. ನಮ್ಮ ಸಾಹೇಬರು ಸಾಲಿನ ಮುಂದೆ ನಿಂತು ನನ್ನ ಹೆಸರು ಓದಿದಾಗ ಹಿಂದಿನಿಂದ ಯಾರೋ ಕಿಸಕ್ಕೆಂದರು. "ತಗಡಿನ ವಹಾಬ ಬಂದೂಕ ಕಲಸ್ತಾನಂತ. ಎಲ್ಲಾರೂ ನಿಮ್ಮನಿಮ್ಮ ಮನಿ ತಗಡ ಕಾಯ್ಕೊಳ್ರಿ." ಆ ಅಡ್ಡಹೆಸರು ಘಟ್ಟ ಇಳಿದು ಕಾರವಾರಕ್ಕೂ ಬಂದಿದೆ.

ಬೆಳಗಾವಿಯ ಚಾಂದಮಾರಿ ಮೈದಾನದಲ್ಲಿ, ಗುಂಡು ಹೊಡೆಯುವ ಅಭ್ಯಾಸವೆಲ್ಲ ಮುಗಿದ ಮೇಲೆ, ನನ್ನ ಬಂದೂಕಿನಿಂದ ಹಾರಿದ ಆ ಒಂದು ಗುಂಡು ಶೆಡ್ಡಿನ ತಗಡು ಹರಿಯಿತು. ಯಾರಿಗೂ ತಾಗಲಿಲ್ಲ. ಅಂದು ಮೈದಾನದ ಉಸ್ತಾದರು ನೀವು, ಹೊಸ ಭರ್ತಿಯ ರಂಗರೂಟ ನಾನು. "ರಂಗರೂಟನ ನಿಷ್ಕಾಳಜಿ" ಎಂದು ನೀವು ರಿಪೋರ್ಟ್ ಬರೆದಿರಿ. ನನ್ನನ್ನು ಆರು ತಿಂಗಳು ತಡವಾಗಿ ಮುಗಿಯುವ ಬ್ಯಾಚಿಗೆ ತಳ್ಳಿದರು. ಅದು ಮುಗಿದದ್ದೇ ನಾನು ಕಾರವಾರ ಕೇಳಿ ಪಡೆದು ಮನೆ ಬಿಟ್ಟೆ. ಇದನ್ನು ನಿಮಗೆ ನೆನಪು ಮಾಡಿಕೊಡಲು ಬರೆಯುತ್ತಿಲ್ಲ.

ಕೇಳಬೇಕಾದದ್ದು ಇಷ್ಟೇ. ಆ ಕೋರ್ಸಿನಲ್ಲಿ ಏನೇನು ಇರುತ್ತದೆ, ಯಾವುದಕ್ಕೆ ತಯಾರಾಗಿ ಹೋಗಬೇಕು, ಬರೆಯಿರಿ. ಮಗನಿಗೆ ಬರೆಯುವುದು ಕಷ್ಟವಾದರೆ ರಂಗರೂಟನಿಗೆ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಅಮ್ಮಾಗೆ ಸಲಾಂ.

ವಹಾಬ


ಅನಗೋಳ, ಬೆಳಗಾವಿ
8-11-1982

ವಹಾಬ,

ಪತ್ರ ಮುಟ್ಟಿತು. ಉತ್ತರಕ್ಕೆ ನಾಲ್ಕು ದಿನ ಹಿಡಿಯಿತು. ಕನ್ನಡ ಸಾಲಿ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ರಿಪೋರ್ಟೇ. ಅವನ್ನು ಎಷ್ಟು ಚೆನ್ನಾಗಿ ಬರೆಯುತ್ತೇನೆ ಎಂಬುದು ನಿನಗೆ ಗೊತ್ತೇ ಇದೆ.

ರಂಗರೂಟ ಅಂದುಕೊಳ್ಳಿ ಎಂದಿದ್ದೀ. ಹಾಗಾದರೆ ನೆಟ್ಟಗೆ ನಿಂತು ಓದು.

ಹೋದ ಕೂಡಲೇ ಗುಂಡು ಕೈಗೆ ಕೊಡುತ್ತಾರೆ ಎಂಬ ಆಸೆ ಬಿಡು. ಮೊದಲ ವಾರ ಗಂಟಲಿನದು. ಮೈದಾನದ ಆ ತುದಿಗೆ ಒಬ್ಬನನ್ನು ನಿಲ್ಲಿಸಿ ಈ ತುದಿಯಿಂದ ನಿನ್ನ ಕಡೆಯಿಂದ ಹುಕುಂ ಕೊಡಿಸುತ್ತಾರೆ. ಅವನಿಗೆ ಕೇಳದಿದ್ದರೂ ತಪ್ಪು ನಿನ್ನದು, ಕೇಳಿ ಹೆದರಿದರೂ ತಪ್ಪು ನಿನ್ನದು. ಮೂರನೆಯ ದಿನ ಧ್ವನಿ ಬಿದ್ದುಹೋಗುತ್ತದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಹಟಕ್ಕೆ ಬಿದ್ದು ಕಿರುಚಬೇಡ. ಎರಡನೆಯ ವಾರ ಕಣ್ಣಿಗೆ ಬಟ್ಟೆ ಕಟ್ಟಿ ಬಂದೂಕು ಬಿಚ್ಚಿ ಕೂಡಿಸು ಅನ್ನುತ್ತಾರೆ. ಬಿಚ್ಚಿದ್ದನ್ನು ದಿನಾ ಒಂದೇ ಜಾಗದಲ್ಲಿ ಇಡು, ಕೈಗೆ ತಾನಾಗಿ ಸಿಗುತ್ತದೆ. ಆಮೇಲೆ ನೆಲಕ್ಕೆ ಮಲಗಿಸಿ ಗುರಿ ಹಿಡಿಸುತ್ತಾರೆ, ಮೊಣಕೈ ಸುಲಿಯುತ್ತವೆ. ಹಳೆಯ ಕಾಲುಚೀಲ ಕತ್ತರಿಸಿ ಅಂಗಿಯ ತೋಳಿನೊಳಗೆ ಕಾಣದಂತೆ ಹಾಕಿಕೋ. ಐವತ್ತಾರರಲ್ಲಿ ಅದೇ ಮೈದಾನದಲ್ಲಿ ನಾನು ಕಂಡುಹಿಡಿದ ವಿದ್ಯೆ ಇದು, ಇನ್ನೂ ಯಾರಿಗೂ ಸಿಕ್ಕಿಬಿದ್ದಿಲ್ಲ.

ನೀನು ಎಷ್ಟು ಚಂದ ಗುರಿ ಹೊಡೆಯುತ್ತೀ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಾಲ್ಕನೆಯ ವಾರ ನಿನಗೊಬ್ಬ ರಂಗರೂಟನನ್ನು ಕೊಡುತ್ತಾರೆ, ಇದ್ದವರಲ್ಲೇ ಕಡೆಯವನನ್ನು. ಅವನು ಪಾಸಾದರೆ ನೀನು ಪಾಸು. ಅವನ ಕೈಯಿಂದ ಬಂದೂಕು ಕಸಿದು "ಹಿಂಗ ಹೊಡಿಯೋ" ಎಂದು ತೋರಿಸಿದೆಯೋ, ಮಾರ್ಕು ಹೋಯಿತು. ಕೊನೆಗೆ ಸಾಹೇಬರ ಮುಂದೆ ಪಾಠ ಮಾಡಬೇಕು. ಅವರು ಏನೂ ತಿಳಿಯದ ರಂಗರೂಟರ ಹಾಗೆ ಕೂತು ಹುಚ್ಚುಹುಚ್ಚು ಪ್ರಶ್ನೆ ಕೇಳುತ್ತಾರೆ. ನಿನಗೆ ಸಿಟ್ಟು ಬರುತ್ತದೋ ಇಲ್ಲವೋ ನೋಡುವುದೇ ಪರೀಕ್ಷೆ. ನಿನಗೆ ನನ್ನ ಸಿಟ್ಟೇ ಬಂದಿದೆ, ಜೋಕೆ.

ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಗಂಟುಮೂಟೆ ಕಟ್ಟಿಕೊಂಡು ನಿಂತಿದೆ. ಸಾಂಬ್ರಾದಿಂದ ಎದ್ದ ವಿಮಾನದ ನೆರಳು ಅಂಗಳ ಹಾಯ್ದಾಗಲೇ ನನಗೆ ತಿಳಿಯುವುದು. ಅದಕ್ಕೇ ಪತ್ರ ಒಳ್ಳೆಯದು, ಎರಡೆರಡು ಸಲ ಹೇಳಿಸಿಕೊಳ್ಳುವ ತಾಪತ್ರಯವಿಲ್ಲ. ನಿನ್ನ ಅಮ್ಮಾ ಬಾಜು ಕೂತು ತನ್ನದೂ ನಾಲ್ಕು ಮಾತು ಬರೆಯಲು ಹೇಳಿದಳು. "ಖಾನಾಪುರ ಅಂದ್ರ ಗಾಡಿಯಾಗ ಒಂದ ತಾಸಿನ ಹಾದಿ. ಕಾರವಾರ ಅಂದ್ರ ದೂರ ಇತ್ತು, ಖರೇ." ಇಷ್ಟು ಹೇಳಿದಳು. ಮುಂದೇನು ಬರೆಯಲಿ ಎಂದರೆ ಎದ್ದು ಒಳಗೆ ಹೋದಳು.

ಸರದಾರಸಾಬ
ನಿವೃತ್ತ ಹವಾಲ್ದಾರ


ಖಾನಾಪುರ
5-12-1982

ಅಬ್ಬಾ ಅವರಿಗೆ,

ಗಂಟಲು, ಉಪ್ಪು ನೀರು, ಮೊಣಕೈ, ಎಲ್ಲ ನೀವು ಬರೆದಂತೆಯೇ ಆಯಿತು. ಮೂರನೆಯ ದಿನ ಧ್ವನಿ ಬಿದ್ದಾಗ ನನಗೆ ನಗು ಬಂತು, ನಗಲು ಧ್ವನಿ ಇರಲಿಲ್ಲ. ಕಾಲುಚೀಲದ ಗುಟ್ಟು ಬಾಯಿಬಿಟ್ಟಿಲ್ಲ. ಉಳಿದವರು ಸಂಜೆ ಮೊಣಕೈಗೆ ಎಣ್ಣೆ ಹಚ್ಚಿಕೊಂಡು ನರಳುವಾಗ ನಾನೂ ಸುಮ್ಮನೆ ನರಳುತ್ತೇನೆ.

ಇಲ್ಲಿಯ ಹಿರಿಯ ಉಸ್ತಾದರ ಹೆಸರು ಈರಯ್ಯ. ನಿಮ್ಮ ಕೈಕೆಳಗೆ ಕಲಿತವರಂತೆ. ಮೊದಲ ದಿನ ಹಾಜರಿ ಕೂಗುವಾಗ ನನ್ನ ಹೆಸರಿಗೆ ಬಂದು ನಿಂತರು. "ಸರದಾರಸಾಬ ಉಸ್ತಾದರ ಮಗಾ ಏನೋ ನೀ? ಅವರ ಕಿರುಬೆರಳ ಇನ್ನೂ ಹಂಗ ಕರ್ರಗ ಐತೇನೋ?" ಎಂದು ಕೇಳಿದರು. ಆಮೇಲೆ ಎಲ್ಲರನ್ನೂ ಸುತ್ತ ಕೂಡಿಸಿ ನಿಮ್ಮ ಕಥೆ ಹೇಳಿದರು. ಗುಂಡು ಹೊಡೆದಾದ ಮೇಲೆ "ಖಾಲಿ ಕರ್" ಎಂಬ ಹುಕುಂ ಆಗಿ, ಪ್ರತಿಯೊಬ್ಬನೂ ಬಂದೂಕು ತೆರೆದು ಹಿಡಿದಾಗ, ಉಳಿದ ಉಸ್ತಾದರು ಒಳಗೆ ಗುಂಡು ಉಳಿದಿದೆಯೇ ಎಂದು ಕಣ್ಣಿನಿಂದ ನೋಡಿ ಮುಂದೆ ಹೋಗುತ್ತಿದ್ದರಂತೆ. ನೀವು ಮಾತ್ರ ಕಿರುಬೆರಳು ಒಳಗೆ ತೂರಿಸಿ ನೋಡುತ್ತಿದ್ದಿರಿ. ಕಣ್ಣು ನಂಬಿಸಿ ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎಂದು ಹೇಳುತ್ತಿದ್ದಿರಂತೆ. ಈಗ ಈ ಕ್ಯಾಂಪಿನಲ್ಲಿ ಅದು ನಿಯಮ. ಅದಕ್ಕೆ ಸರದಾರಿ ಬೆರಳು ಎಂದೇ ಹೆಸರು.

ನನಗೆ ಚಿಕ್ಕಂದಿನದು ನೆನಪಾಯಿತು. ನೀವು ಸಾರಿನ ಉಪ್ಪು ನೋಡಲು ಕೈ ಚಾಚಿದರೆ ಅಮ್ಮಾ "ಆ ಬಂದೂಕಿನ ಬೆರಳ ನನ್ನ ಗಡಿಗ್ಯಾಗ ಬ್ಯಾಡ" ಎಂದು ಸವಟು ಎತ್ತುತ್ತಿದ್ದಳು.

ನೀವು ಪತ್ರದಲ್ಲಿ ಉಪ್ಪು ನೀರಿನ ತನಕ ಎಲ್ಲ ಬರೆದಿರಿ. ಬೆರಳಿನ ವಿಷಯ ಒಂದು ಮಾತೂ ಬರೆಯಲಿಲ್ಲ. ಮರೆತಿರಬೇಕು.

ರವಿವಾರವೂ ಇಲ್ಲಿ ಬಿಡುವುದಿಲ್ಲ, ಅದಕ್ಕೆ ಊರಿಗೆ ಬರಲು ಆಗಲಿಲ್ಲ. ಹೆಂಚಿನ ಭಟ್ಟಿಗಳ ಆಚೆ ರೈಲುಹಳಿ ಇದೆ. ಬೆಳಗಾವಿಯ ಕಡೆ ಹೋಗುವ ಗಾಡಿ ಸಂಜೆ ಕೂಗುತ್ತದೆ. ಅಮ್ಮಾಗೆ ಸಲಾಂ ಹೇಳಿ.

ವಹಾಬ


ಅನಗೋಳ
9-12-1982

ವಹಾಬ,

ಈರಯ್ಯನಿಗೆ ನನ್ನ ನೆನಪು ಹೇಳು. ಅವನು ರಂಗರೂಟ ಇದ್ದಾಗ ಎಡ ಬಲ ತಿಳಿಯದೆ ಬೂಟಿಗೆ ಸುಣ್ಣದ ಗುರುತು ಹಾಕಿಸಿಕೊಂಡಿದ್ದ. ಈಗ ನನ್ನ ಕಥೆ ಹೇಳುವಷ್ಟು ದೊಡ್ಡವನಾದನಲ್ಲ, ಬಹಳ ಸಂತೋಷ.

ನಿನ್ನ ಪತ್ರದ ಮೇಲಿನ ತಾರೀಖು ರವಿವಾರದ್ದು. ಆ ಕ್ಯಾಂಪಿನಲ್ಲಿ ಎರಡನೆಯ ರವಿವಾರದಿಂದ ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಬಿಡುತ್ತಾರೆ. ನಾನೂ ಅಲ್ಲಿ ಇದ್ದವನೇ. ನಿನ್ನ ಅಮ್ಮಾಗೆ ಮಾತ್ರ ನೀನು ಬರೆದದ್ದನ್ನೇ ಓದಿ ಹೇಳಿದೆ. "ರವಿವಾರನೂ ದುಡಸ್ತಾರ? ಅವರಿಗೇನ ಮಕ್ಕಳ ಮರಿ ಇಲ್ಲೇನು?" ಎಂದು ನಿಮ್ಮ ಸಾಹೇಬರಿಗೆ ಚೆನ್ನಾಗಿ ಬೈದಳು. ಅವರದೇನೂ ತಪ್ಪಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಖಾನಾಪುರದ ಬಸ್ಸಿನ ಡ್ರೈವರ್ ಬಸಯ್ಯನ ಕೈಯಲ್ಲಿ ಸಿಹಿ ರೋಟ್ ಕಳಿಸಿದ್ದಾಳೆ. ಗಟ್ಟಿಯಾಗಿವೆ. ಹಲ್ಲಿಗೆ ಬಾರದಿದ್ದರೆ ಚಹಾದಲ್ಲಿ ಅದ್ದಿಕೋ, ಗುರಿಹಲಗೆಗೆ ಬಳಸಬೇಡ.

ಬೆರಳಿನ ವಿಷಯ ಮರೆತಿರಲಿಲ್ಲ.

ಸರದಾರಸಾಬ


ಖಾನಾಪುರ
20-12-1982

ಅಬ್ಬಾ ಅವರಿಗೆ,

ರೋಟ್ ತಿಂದೆವು. ಕಡೆಯದನ್ನು ನನ್ನ ರಂಗರೂಟನಿಗೆ ಕೊಟ್ಟೆ. ಅವನ ಹೆಸರು ದುಂಡಪ್ಪ, ಕುರಿ ಕಾಯುವ ಮನೆಯವನು. ಇಪ್ಪತ್ತೈದು ವಯಸ್ಸು, ಇಬ್ಬರು ಮಕ್ಕಳ ತಂದೆ. ಕಲ್ಲು ಬೀಸಿದರೆ ನೂರು ಹೆಜ್ಜೆ ದೂರದ ಕುರಿಯ ಕೊಂಬಿಗೆ ತಾಗಿಸುತ್ತಾನೆ. ಬಂದೂಕು ಕೈಗೆ ಬಂದರೆ ಎರಡೂ ಕಣ್ಣು ಮುಚ್ಚುತ್ತಾನೆ. ಏಕೆ ಮುಚ್ಚುತ್ತೀ ಎಂದರೆ "ಸಪ್ಪಳ ಬರತೈತಿ ಅಂತ ಮೊದಲ ಗೊತ್ತಿರತೈತಲ್ರಿ ಉಸ್ತಾದ, ಅದಕ್ಕ" ಎನ್ನುತ್ತಾನೆ. ಗುಂಡಿಲ್ಲದ ಬಂದೂಕಿನ ನಳಿಗೆಯ ಮೇಲೆ ಹತ್ತು ಪೈಸೆ ನಾಣ್ಯ ಇಟ್ಟು, ಅದು ಬೀಳದಂತೆ ಗುಂಡು ಹಾರಿಸುವ ಘೋಡಾ ಒತ್ತು ಎಂದು ದಿನಕ್ಕೆ ಇನ್ನೂರು ಸಲ ಮಾಡಿಸುತ್ತಿದ್ದೇನೆ. ಕಣ್ಣು ನಾಣ್ಯದ ಕಾವಲಿಗೆ ಕೂತರೆ ಮುಚ್ಚುವುದನ್ನು ಮರೆಯುತ್ತದೆ. ನೀವೇ ನನಗೆ ಕಲಿಸಿದ್ದು, ಅನಗೋಳದ ನಮ್ಮ ಕಟ್ಟೆಯ ಮೇಲೆ, ಕಟ್ಟಿಗೆಯ ಬಂದೂಕು ಮಾಡಿಕೊಟ್ಟು.

ಈಗ ವಿಷಯಕ್ಕೆ ಬರುತ್ತೇನೆ. ಕೊನೆಯ ಪರೀಕ್ಷೆಯ ಪಾಠಕ್ಕೆ ಚೀಟಿ ಎತ್ತಿಸಿದರು. ನನಗೆ ಬಂದದ್ದು ಮೈದಾನದ ಸುರಕ್ಷತೆ. ಜನವರಿ ಇಪ್ಪತ್ತೈದಕ್ಕೆ ಸಾಹೇಬರ ಮುಂದೆ. ಈ ಪಾಠಕ್ಕೆ ಇಲ್ಲಿ ಒಂದು ಕಟ್ಟಳೆ ಇದೆ. ಪಾಠ ಮಾಡುವವನು ತಾನೇ ಕಣ್ಣಾರೆ ಕಂಡ ಒಂದು ಅಪಘಾತವನ್ನು, ಯಾರು ಏನು ಮಾಡಿದರು, ಯಾರು ಏನು ಮಾಡಲಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಬೇಕು. ಕೇಳಿದ ಕಥೆ ನಡೆಯುವುದಿಲ್ಲ.

ನಾನು ಕಂಡದ್ದು ಒಂದೇ, ಅಬ್ಬಾ. ನಿಮ್ಮನ್ನು ಕೇಳದೆ ಹೇಳುವುದಿಲ್ಲ. ಹೇಳಲೇ? ಹೇಳುವುದಾದರೆ ನಿಮ್ಮ ರಿಪೋರ್ಟಿನಲ್ಲಿ ಇದ್ದಷ್ಟು ಹೇಳಲೇ, ಅಥವಾ ಇದ್ದದ್ದನ್ನು ಇದ್ದ ಹಾಗೆ ಹೇಳಲೇ?

ವಹಾಬ


ಖಾನಾಪುರ
9-1-1983

ಅಬ್ಬಾ ಅವರಿಗೆ,

ಇಪ್ಪತ್ತು ದಿನವಾಯಿತು. ಪತ್ರ ಮುಟ್ಟಿಲ್ಲ ಎಂದು ನನ್ನನ್ನೇ ನಂಬಿಸಿಕೊಳ್ಳಲು ನೋಡಿದೆ. ಬಸಯ್ಯನನ್ನು ಕೇಳಿದೆ. "ನಿಮ್ಮ ಅಬ್ಬಾ ದಿನಾ ಕಟ್ಟಿ ಮ್ಯಾಲ ಅದ ಕಾಗದ ಹಿಡ್ಕೊಂಡ ಕುಂತಿರತಾರು" ಎಂದ.

ಇಂದು ರವಿವಾರ. ಕ್ಯಾಂಪು ಖಾಲಿ ಇದೆ. ಊರಿಗೆ ಬಿಟ್ಟಿದ್ದಾರೆ, ನಾನು ಹೋಗಿಲ್ಲ. ಪ್ರತಿ ರವಿವಾರ ಹೊಳೆಯ ದಂಡೆಗೆ ಹೋಗಿ ಕೂತು ಬರುತ್ತೇನೆ. ಒಂದು ತಾಸಿನ ಹಾದಿ ಎಂದು ಅಮ್ಮಾ ಹೇಳಿದ್ದು ಸುಳ್ಳು.

ತಪ್ಪು ನನ್ನದಲ್ಲ ಎಂದು ನಾನು ಎಂದೂ ಹೇಳಿಲ್ಲ. ಐದು ಗುಂಡು ಹೊಡೆದೆ ಅಂದುಕೊಂಡೆ, ಹಾರಿದ್ದು ನಾಲ್ಕು. ಬಂದೂಕು ಒಳಗಿಡುವ ಮೊದಲು ರೂಢಿಯಂತೆ ಶೆಡ್ಡಿನಲ್ಲಿ ನಳಿಗೆ ಮೇಲೆ ಮಾಡಿ ಘೋಡಾ ಒತ್ತಿದಾಗ ಐದನೆಯದು ಹಾರಿತು. ಆದರೆ ಅದಕ್ಕೂ ಮೊದಲು ನಾವು ಹನ್ನೆರಡು ಜನ ಸಾಲಾಗಿ ಬಂದೂಕು ತೆರೆದು ನಿಂತಿದ್ದೆವು. ನೀವು ಒಬ್ಬೊಬ್ಬರ ಬಂದೂಕಿಗೂ ಕಿರುಬೆರಳು ಹಾಕುತ್ತ ಬಂದಿರಿ. ನಾನು ಹನ್ನೆರಡನೆಯವನು. ನನ್ನ ಬಂದೂಕಿಗೆ ಹಾಕಲಿಲ್ಲ. ಅದು ನನಗೆ ಗೊತ್ತು, ನಿಮಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ವಿಚಾರಣೆಯಲ್ಲಿ ಸಾಹೇಬರು ಎರಡು ಸಲ ಕೇಳಿದರು, "ಉಸ್ತಾದ ನೋಡಿದರೇನು?" ಅಂತ. ನಾನು ನೋಡಿದರು ಎಂದೆ. ಬಾಜು ನೀವು ನಿಂತಿದ್ದಿರಿ. ಆಗ ನಿಮಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಶಿಕ್ಷೆಗೆ ನಾನು ಸಿಟ್ಟಾಗಿಲ್ಲ, ತಗಡಿನ ವಹಾಬ ಎಂದು ಕರೆದದ್ದಕ್ಕೂ ಇಲ್ಲ. ಸಾಯಂಕಾಲ ಮನೆಗೆ ಬಂದ ಮೇಲಾದರೂ, ಬಾಗಿಲು ಹಾಕಿಕೊಂಡಾದರೂ, ನೀವು ಒಂದು ಮಾತು ಹೇಳುತ್ತೀರಿ ಎಂದು ಕಾದೆ. ಆರು ವರ್ಷ ಕಾದೆ. ಉಸ್ತಾದ ಕೋರ್ಸಿನಲ್ಲಿ ಏನಿರುತ್ತದೆ ಎಂದು ಕೇಳಿ ಬರೆದದ್ದೂ ಅದಕ್ಕೇ. ಬೇರೆಯವರನ್ನು ಕೇಳಿದ್ದರೂ ಹೇಳುತ್ತಿದ್ದರು.

ನೀವು ಬೇಡ ಎಂದರೆ ಏನೋ ಒಂದು ಕಥೆ ಕಟ್ಟಿ ಹೇಳುತ್ತೇನೆ. ಸಿಕ್ಕಿಬಿದ್ದರೆ ನಪಾಸಾಗಿ ಕಾರವಾರಕ್ಕೆ ಹೋಗುತ್ತೇನೆ. ಬೇಡ ಎಂದಾದರೂ ಬರೆಯಿರಿ.

ವಹಾಬ


ಅನಗೋಳ
14-1-1983

ಮಗಾ ವಹಾಬ,

ಮೊದಲು ಒಂದು ರಿಪೋರ್ಟ್. ಬೇರೆ ರೀತಿ ಬರೆಯಲು ಹತ್ತು ಕಾಗದ ಹರಿದೆ, ಆಗಲಿಲ್ಲ.

"ಹದಿನಾರನೇ ಫೆಬ್ರುವರಿ 1976ರಂದು ಚಾಂದಮಾರಿ ಮೈದಾನದಲ್ಲಿ ಹನ್ನೆರಡು ರಂಗರೂಟರು ಗುಂಡು ಹೊಡೆದರು. ಖಾಲಿ ಕರ್ ಹುಕುಂ ಆದ ಮೇಲೆ ನಾನು ಹನ್ನೊಂದು ಬಂದೂಕುಗಳಿಗೆ ಬೆರಳು ಹಾಕಿ ನೋಡಿದೆ. ಹನ್ನೆರಡನೆಯದಕ್ಕೆ ಹಾಕಲಿಲ್ಲ. ಅದು ನನ್ನ ಮಗನದು. ರಂಗರೂಟನಿಂದ ತಪ್ಪಾಗುತ್ತದೆ, ಅದನ್ನು ಹಿಡಿಯಲಿಕ್ಕೇ ಉಸ್ತಾದ ಇರುವುದು. ನಿಷ್ಕಾಳಜಿ ಉಸ್ತಾದನದು. ಮೊದಲಿನ ರಿಪೋರ್ಟಿನಲ್ಲಿ ಇದನ್ನು ಬರೆಯಲಿಲ್ಲ. ಸರದಾರಸಾಬ, ಹವಾಲ್ದಾರ."

ಇದರದೊಂದು ಪ್ರತಿಯನ್ನು ಕಚೇರಿಗೂ ಕಳಿಸಿದ್ದೇನೆ. ಆರು ವರ್ಷ ತಡವಾಗಿ ಬಂದ ರಿಪೋರ್ಟನ್ನು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ನೀನು ಪಾಠದಲ್ಲಿ ಓದು. ಹೆಸರು ಸಹಿತ ಓದು.

ಏಕೆ ಹಾಕಲಿಲ್ಲ ಎಂದು ನೀನು ಕೇಳಿಲ್ಲ. ನಾನೇ ಹೇಳುತ್ತೇನೆ. ಅಂದು ನಿನ್ನ ಗುರಿಹಲಗೆಯಲ್ಲಿ ನಾಲ್ಕೂ ಗುಂಡು ಒಂದು ಅಂಗೈಯಷ್ಟು ಜಾಗದಲ್ಲಿ ಕೂತಿದ್ದವು. ಇಪ್ಪತ್ತು ವರ್ಷದಲ್ಲಿ ನಾನು ಅಂಥದ್ದು ನೋಡಿರಲಿಲ್ಲ. ಐದನೆಯ ತೂತು ಎಲ್ಲಿ ಎಂದು ಕೇಳಬೇಕಾದದ್ದು ಉಸ್ತಾದನ ಕೆಲಸ. ನಾನು ಒಂದರೊಳಗೆ ಒಂದು ಹೋಗಿರಬೇಕು ಎಂದು ಹಿಗ್ಗಿದೆ. ಸಾಲಿನಲ್ಲಿ ನಿನ್ನ ಮುಂದೆ ಬಂದಾಗ ನೀನು ನನ್ನ ಕಡೆ ನೋಡಿ ನಕ್ಕೆ. ಆ ನಗೆಯ ಮುಂದೆ ಬೆರಳು ಹಾಕಿ ನೋಡುವುದು ನಿನ್ನನ್ನು ನಂಬದೆ ಇದ್ದಂತೆ ಅನಿಸಿತು. ಹನ್ನೊಂದು ಜನರ ಬಂದೂಕು ನೋಡಿದೆ, ನಿನ್ನ ಮುಖ ನೋಡಿದೆ. ಇಷ್ಟೇ ಆದದ್ದು.

ಆಮೇಲೆ ಹೆದರಿದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸರದಾರಸಾಬನ ಬೆರಳು ಎಂದು ಊರಲ್ಲೆಲ್ಲ ಹೆಸರಿತ್ತು. ನೀನು ಚಿಕ್ಕವನು, ಆರು ತಿಂಗಳಲ್ಲಿ ತೊಳೆದುಹೋಗುತ್ತದೆ ಅಂದುಕೊಂಡೆ. ನೀನು ನನಗಾಗಿ ಸುಳ್ಳು ಹೇಳಿದಾಗ ನೆಲ ಬಾಯಿಬಿಡಬಾರದೇ ಅನಿಸಿತು. ಮನೆಗೆ ಬಂದು ನಿನ್ನ ಮುಖ ನೋಡಲು ಆಗಲಿಲ್ಲ. ನೋಡದೆ ನೋಡದೆ ನೀನು ಹೊರಟೇ ಹೋದೆ.

ಇನ್ನೊಂದು ಹೇಳುವುದಿದೆ. ನೀನು ಅಮ್ಮಾನಿಗೆ ಬರೆದ ಪತ್ರಗಳಲ್ಲಿ ನನಗೆ ಸಲಾಂ ಇರುತ್ತಿರಲಿಲ್ಲ. ನಾನು ಓದುವಾಗ ಕೊನೆಗೆ ಒಂದು ಸಾಲು ಸೇರಿಸುತ್ತಿದ್ದೆ, "ಅಬ್ಬಾಗೆ ನನ್ನ ಸಲಾಂ" ಎಂದು. ಆರು ವರ್ಷ ಸೇರಿಸಿದೆ. ಹಾಗೆ ಓದಿ ಓದಿ ನೀನೇ ಬರೆದದ್ದು ಎಂದು ಒಮ್ಮೊಮ್ಮೆ ನನಗೇ ಅನಿಸುತ್ತಿತ್ತು. ಇಂದು ನಿನ್ನ ಅಮ್ಮಾಗೆ ಈ ಪತ್ರ ಪೂರ್ತಿ ಓದಿ ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ನನ್ನ ಬಲಗಿವಿಗೆ ಬಾಯಿ ಹಚ್ಚಿ ಹೇಳಿದಳು: "ಸಲಾಮಿಂದು ನನಗ ಗೊತ್ತಿತ್ತು. ಆ ಮಾತ ಬಂದಾಗ ನಿಮ್ಮ ಕಣ್ಣ ಕಾಗದದ ಮ್ಯಾಲ ಇರತಿದ್ದಿಲ್ಲ."

ಮೂರು ರವಿವಾರ ನಾನು ಖಾನಾಪುರದ ತಿಕೀಟು ತೆಗೆಸಿ ಗಾಡಿ ಹತ್ತಿದೆ. ಮೂರು ಸಲವೂ ದೇಸೂರಿನಲ್ಲಿ ಇಳಿದುಬಿಟ್ಟೆ. ಅಲ್ಲಿಯ ಬಾಕಿನ ಮೇಲೆ ಕೂತು, ತಿರುಗಿ ಹೋಗುವ ಗಾಡಿಗೆ ಮನೆಗೆ ಬಂದೆ. ಕಾಲು ಮುಂದೆ ಬರಲಿಲ್ಲ ಮಗಾ. ನಿನ್ನನ್ನು ನೋಡಬೇಕು ಎಂದು ಮಾತ್ರ ಬಹಳ ಆಗಿತ್ತು.

ನಿನ್ನ ಅಬ್ಬಾ


ಖಾನಾಪುರ
25-1-1983

ಅಬ್ಬಾ,

ಪಾಠ ಮುಗಿಸಿ ಈಗಷ್ಟೇ ಬಂದೆ. ಮೊದಲು ಮೊನ್ನೆಯ ಸಂಗತಿ.

ನಿಮ್ಮ ಪತ್ರ ಬಂದ ಎರಡನೆಯ ದಿನ ದುಂಡಪ್ಪನ ಕೊನೆಯ ಗುರಿ ಇತ್ತು. ಐದಕ್ಕೆ ಐದೂ ಹಲಗೆಗೆ ತಾಗಿಸಿದ, ಕಣ್ಣು ತೆರೆದುಕೊಂಡು. ಖಾಲಿ ಕರ್ ಎಂದೆ. ಬಂದೂಕು ತೆರೆದು ಹಿಡಿದ. ಬಾಯಿ ಕಿವಿಯ ತನಕ ಹೋಗಿತ್ತು. "ಉಸ್ತಾದ, ನನ್ನ ಹೇಣ್ತಿಗೆ ಕಾಗದ ಬರದ ಹೇಳ್ತೇನ್ರಿ" ಎಂದ. ನಾನೂ ನಕ್ಕೆ, ಅವನ ಬೆನ್ನು ತಟ್ಟಿದೆ, ಮುಂದಿನವನ ಹತ್ತಿರ ಹೋದೆ. ಎರಡು ಹೆಜ್ಜೆ ಹೋಗಿಬಿಟ್ಟಿದ್ದೆ ಅಬ್ಬಾ. ನಿಮ್ಮ ಪತ್ರ ಅಂಗಿಯ ಕಿಸೆಯಲ್ಲೇ ಇತ್ತು, ಆದರೂ ಹೋಗಿದ್ದೆ. ತಿರುಗಿ ಬಂದು ಬೆರಳು ಹಾಕಿದೆ. ಖಾಲಿಯೇ ಇತ್ತು. ಆಮೇಲೆ ಸಾಲಿನ ಮೊದಲಿನಿಂದ ಎಲ್ಲರ ಬಂದೂಕಿಗೂ ಇನ್ನೊಮ್ಮೆ ಬೆರಳು ಹಾಕುತ್ತ ಬಂದೆ.

ಇಂದಿನ ಪಾಠದಲ್ಲಿ ನಿಮ್ಮ ರಿಪೋರ್ಟ್ ಓದಿದೆ. ಹೆಸರು ಓದಲಿಲ್ಲ, ಇದೊಂದು ಹುಕುಂ ಮೀರಿದೆ. ಐದನೆಯ ಗುಂಡು ಎಣಿಸದವನು ನಾನೇ, ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನೇ ಎಂದು ಹೇಳಿದೆ. ಬೆರಳು ಏಕೆ ತಪ್ಪಿತು ಎಂಬುದನ್ನೂ ನೀವು ಬರೆದ ಮಾತಿನಲ್ಲೇ ಹೇಳಿದೆ. ಮಧ್ಯೆ ಕೂತ ಸಾಹೇಬರು ಅಲ್ಲಿಯ ತನಕ ಹುಚ್ಚು ರಂಗರೂಟನ ವೇಷದಲ್ಲೇ ಪ್ರಶ್ನೆ ಕೇಳುತ್ತಿದ್ದರು. ಆಗ ವೇಷ ಬಿಟ್ಟು ಕೇಳಿದರು, "ರಂಗರೂಟಗ ಆರು ತಿಂಗಳ ಆತು. ಆ ಉಸ್ತಾದಗ ಏನ ಶಿಕ್ಷಾ ಆತು?"

"ಆರು ವರ್ಷ, ಸಾಹೇಬರ" ಎಂದೆ. "ಮಗ ಮನಿಗಿ ಬರಲಿಲ್ಲ."

ಈರಯ್ಯ ಉಸ್ತಾದರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಹೊರಗೆ ಬಂದ ಮೇಲೆ ಪಾಸು ಎಂದು ಅವರೇ ಹೇಳಿದರು. ದುಂಡಪ್ಪನೂ ಪಾಸು.

ಇಪ್ಪತ್ತೊಂಬತ್ತಕ್ಕೆ ಕೋರ್ಸು ಮುಗಿಯುತ್ತದೆ. ಮೂವತ್ತು ರವಿವಾರ. ಬೆಳಗಿನ ಗಾಡಿಗೆ ಹೊರಡುತ್ತೇನೆ. ನೀವು ದೇಸೂರಿನ ಬಾಕಿನ ಮೇಲೆ ಕೂತಿರಿ, ಆ ಜಾಗ ನಿಮಗೆ ರೂಢಿ ಇದೆ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಅಲ್ಲಿಂದ ಮನೆಗೆ ಕೂಡಿ ಹೋಗೋಣ.

ನಿಮ್ಮ ಮಗ
ವಹಾಬ


ಅನಗೋಳ
24-2-1983

ಮಗಾ ವಹಾಬ,

ನೀನು ಕಾರವಾರಕ್ಕೆ ಹೋಗಿ ಮೂರು ವಾರವಾಯಿತು. ಮನೆಯಲ್ಲಿ ನಾಲ್ಕೇ ದಿನ ಇದ್ದೆ. ಆದರೂ ಕಟ್ಟೆಯ ಮೇಲೆ ನೀನು ಕೂತ ಜಾಗದಲ್ಲಿ ಬೇರೆ ಯಾರಾದರೂ ಕೂತರೆ ನಿನ್ನ ಅಮ್ಮಾ ಏನೋ ನೆವ ಹೇಳಿ ಎಬ್ಬಿಸುತ್ತಾಳೆ. ಮೊನ್ನೆ ನನ್ನನ್ನೇ ಎಬ್ಬಿಸಿದಳು.

ಕಚೇರಿಯಿಂದ ಒಂದು ಸಾಲಿನ ಕಾಗದ ಬಂದಿದೆ, ರಿಪೋರ್ಟ್ ಮುಟ್ಟಿತು, ಕಡತಕ್ಕೆ ಸೇರಿಸಲಾಗಿದೆ ಎಂದು. ಸೇರಿದ್ದರೆ ಸಾಕು.

ದೇಸೂರಿನಲ್ಲಿ ಗಾಡಿ ನಿಲ್ಲುವ ಮೊದಲೇ ನೀನು ಬಾಗಿಲಲ್ಲಿ ಬಗ್ಗಿ, ಕೈ ಚಾಚಿ, ಏನೋ ಅಂದೆ. ಇಂಜಿನ್ನಿನ ಸಪ್ಪಳದಲ್ಲಿ ನನಗೆ ಕೇಳಲಿಲ್ಲ. ಕೇಳಿದವನ ಹಾಗೆ ತಲೆ ಆಡಿಸಿದೆ. ಆಮೇಲೆ ಕೇಳಲು ನಾಚಿಕೆಯಾಯಿತು. ಏನಂದೆ ಎಂಬುದನ್ನು ಈಗ ಬರೆದು ತಿಳಿಸು. ಏನು ಇರಬಹುದು ಎಂದು ನಾನೇ ಒಂದಷ್ಟು ಅಂದುಕೊಂಡಿದ್ದೇನೆ, ಆದರೆ ಇನ್ನು ನಾನಾಗಿ ಸೇರಿಸಿ ಓದುವುದಿಲ್ಲ.

ನಿನ್ನೆ ನಿನ್ನ ಪತ್ರ ಬಂತು, ಅಮ್ಮಾನ ಹೆಸರಿಗೆ. ಓದಿ ಹೇಳಿದೆ. ನಿನ್ನ ಹೊಸ ರಂಗರೂಟರು, ಮೊದಲ ದಿನವೇ ನಿನ್ನ ಗಂಟಲು ಬಿದ್ದದ್ದು, ಕಾರವಾರದ ಸೆಕೆ, ಎಲ್ಲ ಕೇಳಿದಳು. ಕೊನೆಗೆ ಬಂದೆ. "ಅಬ್ಬಾಗೆ ನನ್ನ ಸಲಾಂ" ಎಂದು ಓದಿದೆ. ಅವಳು ಕಾಗದ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಹತ್ತಿರ ಸರಿದು, ನನ್ನ ಕಿವಿಗೆ ಕೇಳುವ ಹಾಗೆ ಜೋರಾಗಿ, "ಎಲ್ಲೈತಿ, ತೋರಸ್ರಿ" ಎಂದಳು.

ಅವಳಿಗೆ ಒಂದಕ್ಷರವೂ ಬರುವುದಿಲ್ಲ ಎಂಬುದು ನಿನಗೆ ಗೊತ್ತು. ನಾನು ಕನ್ನಡಕ ಸರಿಮಾಡಿಕೊಂಡು, ಆ ಸಾಲಿನ ಕೆಳಗೆ ಕಿರುಬೆರಳು ಇಟ್ಟು ತೋರಿಸಿದೆ.

ನಿನ್ನ ಅಬ್ಬಾ
ಸರದಾರಸಾಬ